ಕೃಷ್ಣಮೂರ್ತಿಪುರಂನ ಮಸ್ಕತ್

ಸಮಸ್ತ ಬಂಧುಬಾಂಧವರಿಗೂ, ಹಾಲು ಹಾಕುವವರಿಗೂ, ಪೇಪರ್ ಹಾಕುವವರಿಗೂ, ಮನೆಗೆಲಸದ ಲಕ್ಷ್ಮಮ್ಮನಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೃಷ್ಣಮೂರ್ತಿಪುರಂನ ಗಿರಿಜಾಂಬಾ ಅವರ ಮನೆಯಲ್ಲಿ ಇನ್ನು ಮುಂದೆ ಶುಕ್ರವಾರವನ್ನೇ ಭಾನುವಾರವೆಂದು ಆಚರಿಸಲಾಗುವುದು. ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹಾಲ್‌ನಲ್ಲಿ ಮಲಗಿರುವವರನ್ನು ಯಾರೂ ಎಬ್ಬಿಸತಕ್ಕದ್ದಲ್ಲ. ಭಾನುವಾರ ಕೆಲಸದ ದಿನವಾಗಿರುತ್ತದೆ. ಯಾವ ಕೆಲಸ ಎಂಬುದನ್ನು ತರುವಾಯ ಪ್ರಕಟಿಸಲಾಗುವುದು.

ಈ ಘೋಷಣೆ ಹೊರಡಿಸಿದವನು ಗಿರಿಜಾಂಬಾ ಅವರ ಮಗ ಲಕ್ಷ್ಮೀನರಸಿಂಹ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಸ್ಕತ್ತಿನ ಕಟ್ಟಡ ಕಂಪನಿಯೊಂದರಲ್ಲಿ ಆಡಳಿತ ನೋಡಿಕೊಂಡವನು. ತನ್ನ ಕುರ್ಚಿಗೆ ಆ ದೇಶದ ಹುಡುಗನೊಬ್ಬ ಬಂದ ಮೇಲೆ, ಕಳೆದ ದಸರಾ ಹೊತ್ತಿಗೆ ಹೆಂಡತಿ ಚಂದ್ರಮತಿ, ಮಗಳು ಅನನ್ಯಳೊಂದಿಗೆ ತಾಯಿಯ ಮನೆಗೆ ವಾಪಸಾಗಿದ್ದ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ವಿಮಾನ ಇವನ ಸಾಮಾನನ್ನೆಲ್ಲ ಇಳಿಸಿತ್ತು. ಕ್ಯಾಲೆಂಡರನ್ನು ಮಾತ್ರ ಹೊತ್ತುಕೊಂಡೇ ಹಾರಿಹೋಗಿತ್ತು.

ತೊಂದರೆ ಏನೆಂದರೆ, ಈ ಮನೆಯಲ್ಲಿ ಶುಕ್ರವಾರದಷ್ಟು ಕೆಲಸ ಬೇರೆ ಯಾವ ವಾರಕ್ಕೂ ಇಲ್ಲ. ಬೆಳಗಾಗುವುದರೊಳಗೆ ಹಾಲ್ ತೊಳೆಯಬೇಕು, ಹೊಸ್ತಿಲಿಗೆ ಅರಿಶಿನ ಬಳಿಯಬೇಕು, ದೇವಿಯ ಪೂಜೆಯಾಗಬೇಕು. ಇಷ್ಟೆಲ್ಲ ಮುಗಿಸಿ ನರಸಿಂಹನ ತಂಗಿ ಸರ್ವಮಂಗಳಾ ಸ್ಕೂಲಿಗೆ ಓಡಬೇಕು. ಆಕೆ ಹೈಸ್ಕೂಲಿನಲ್ಲಿ ಗಣಿತದ ಮೇಡಮ್ಮು. ಮದುವೆಯ ಗೊಡವೆಗೆ ಹೋಗದೆ, ಅಣ್ಣ ಪರದೇಶದಲ್ಲಿದ್ದಷ್ಟು ಕಾಲವೂ ಅಮ್ಮನನ್ನೂ ಮನೆಯನ್ನೂ ಮಗ್ಗಿಯಷ್ಟೇ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದವಳು.

"ಅಣ್ಣಾ, ಏಳೋ. ಹಾಲ್ ತೊಳೀಬೇಕು."

"ಇವತ್ತು ಹಾಲಿಡೇ ಕಣೇ."

"ಹಾಲಿಡೇಗೆ ಈಗ ನೀರಿಡ್ತೀನಿ. ಏಳ್ತೀಯೋ ಇಲ್ವೋ?"

ಲಕ್ಷ್ಮಮ್ಮ ಬಕೆಟ್ಟು ಹಿಡಿದು ನಿಂತೇ ಇದ್ದಳು. "ಎದ್ಬುಡಿ ಸ್ವಾಮಿ. ನಂಗೆ ಇನ್ನೂ ನಾಕು ಮನೆ ಐತೆ. ಇಲ್ದಿದ್ರೆ ಆಸಿಗೆ ಸಮೇತ ಸಾರಿಸ್ಬುಡ್ತೀನಿ ನೋಡಿ."

ಹೀಗೆ ಪ್ರತಿ ಶುಕ್ರವಾರವೂ ನರಸಿಂಹ ದಿಂಬು ಕಂಕುಳಲ್ಲಿ ಇಟ್ಟುಕೊಂಡು ಗಡಿಪಾರಾಗುತ್ತಿದ್ದ. ಭಾನುವಾರ ಮಾತ್ರ ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿ, ಇಸ್ತ್ರಿ ಶರಟು ತೊಟ್ಟು, ಶೂ ಹಾಕಿಕೊಂಡು ಹಾಲ್‌ನಲ್ಲಿ ಕೂತಿರುತ್ತಿದ್ದ.

"ಎಲ್ಲಿಗೆ ಹೊರಟ್ರಿ ಅಪ್ಪ?" ಎಂದು ಅನನ್ಯ ಕಣ್ಣುಜ್ಜುತ್ತಾ ಕೇಳಿದಳು.

"ಎಲ್ಲಿಗೂ ಇಲ್ಲ. ರೆಡಿ ಇದೀನಿ ಅಷ್ಟೆ."

ಅನನ್ಯ ಒಳಗೆ ಹೋಗಿ ಅವನಿಗೊಂದು ಲೋಟ ಕಾಫಿ ತಂದುಕೊಟ್ಟಳು.

ಮಸ್ಕತ್ತಿನಲ್ಲಿ ಈ ಮನುಷ್ಯ ಸಾಮಾನ್ಯನಾಗಿರಲಿಲ್ಲ. ಅಲ್ಲಿನ ಕನ್ನಡಿಗರ ಕೂಟಕ್ಕೆ ಕಾಯಂ ಅಧ್ಯಕ್ಷ. ಶುಕ್ರವಾರ ಬಂತೆಂದರೆ ರುವಿ ಬಡಾವಣೆಯ ಅವನ ಫ್ಲ್ಯಾಟಿನ ಬಾಗಿಲ ಮುಂದೆ ಚಪ್ಪಲಿಗಳ ಸಂತೆ. ಒಳಗೆ ಬಿಸಿಬೇಳೆಬಾತು, ಬೋಂಡ, "ನಮ್ಮ ಮೈಸೂರಲ್ಲಿ ಆದ್ರೆ" ಎಂದು ಶುರುವಾಗುವ ಭಾಷಣ. ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಲ್ಲಿ ಮೊದಲೇ ಬಂದಿರುತ್ತಿತ್ತು. ಈಗ ನಿಜವಾದ ಮೈಸೂರಿಗೆ ಬಂದು ಕೂತ ಮೇಲೆ ಆ ಭಾಷಣದಲ್ಲಿ ಒಂದೇ ಒಂದು ತಿದ್ದುಪಡಿ ಆಗಿತ್ತು. "ನಮ್ಮ ಮಸ್ಕತ್ತಲ್ಲಿ ಆದ್ರೆ" ಎಂದು ಶುರುವಾಗುತ್ತಿತ್ತು.

ನಮ್ಮ ಮಸ್ಕತ್ತಲ್ಲಿ ಆದ್ರೆ ರಸ್ತೆ ಮೇಲೆ ಊಟ ಬಡಿಸಬಹುದು. ನಮ್ಮ ಮಸ್ಕತ್ತಲ್ಲಿ ಆದ್ರೆ ಯಾರೂ ಹಾರನ್ ಹೊಡೆಯಲ್ಲ. ಚಳಿಗಾಲದಲ್ಲಿ ಮರಳ ಮೇಲೆ ಚಾಪೆ ಹಾಸಿ, ಬೆಂಕಿ ಮಾಡಿ, ಸುತ್ತ ಕೂತು ಹಾಡೋರು. ಪಕ್ಕದ ಗುಂಪಿನ ಸುಡಾನಿಗಳು ಖರ್ಜೂರ ತಂದುಕೊಡೋರು. ಇವರು ಚಕ್ಕುಲಿ ಕೊಡೋರು. ಇದನ್ನು ಹೇಳುವಾಗ ನರಸಿಂಹನ ದನಿ ಇಳಿಯುತ್ತಿತ್ತು, ಸರ್ವಮಂಗಳಾ ಕೂಡ ಅಡ್ಡಮಾತು ಆಡುತ್ತಿರಲಿಲ್ಲ.

ಬರೀ ಮಾತಾಗಿದ್ದರೆ ಮನೆ ಸಹಿಸಿಕೊಳ್ಳುತ್ತಿತ್ತು. ಅದು ಊಟದ ತಟ್ಟೆಗೂ ಇಳಿಯಿತು. ಸಂಕ್ರಾಂತಿ ಕಳೆದ ವಾರವೇ ಅವನ ಒತ್ತಾಯಕ್ಕೆ ಚಂದ್ರಮತಿ ಬೆಳ್ಳುಳ್ಳಿ ಬಿಟ್ಟು ಹಮ್ಮಸ್ ಮಾಡಿದಳು.

ಗಿರಿಜಾಂಬಾ ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು. "ಇದು ಕಡಲೆಕಾಳು ತಾನೇ?"

"ಹಮ್ಮಸ್ ಅಮ್ಮ. ಅರಬ್ಬರ ಸ್ಪೆಷಲ್ಲು."

"ಒಗ್ಗರಣೆ ಎಲ್ಲಿ?"

"ಇದಕ್ಕೆ ಒಗ್ಗರಣೆ ಹಾಕಲ್ಲಮ್ಮ."

"ಪಾಪ. ಸಾಸಿವೆ ಸಿಗ್ತಿರ್ಲಿಲ್ಲವೇನೋ."

ಮಗ ಕೈ ತೊಳೆಯಲು ಎದ್ದಾಗ ಆಕೆ ಒಳಗೆ ಹೋಗಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ ತಂದು ಸುರಿದೇಬಿಟ್ಟರು. ನರಸಿಂಹನ ಹಮ್ಮು ಮುರಿಯಿತು. ಹಮ್ಮಸ್ ಮಾತ್ರ ಪಾತ್ರೆ ಒರೆಸಿದ ಹಾಗೆ ಖಾಲಿಯಾಯಿತು. ಮರುದಿನ ಇವನು ಅರಬ್ಬರ ರೊಟ್ಟಿ ಖುಬೂಸ್ ಮಾಡು ಎಂದ. ಅದರ ಮರುದಿನ ಅವರ ಮಜ್ಜಿಗೆ, ಲಬಾನ್. ಮೂರನೆಯ ದಿನ ಚಂದ್ರಮತಿ ಸೌಟನ್ನು ಟೇಬಲ್ಲಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದು ಮರ್ಯಾದೆಯ ಮಾತು.

"ಅಲ್ರೀ, ಅಲ್ಲಿದ್ದಷ್ಟು ದಿನ ಮೈಸೂರು ಮಾಡು ಮೈಸೂರು ಮಾಡು ಅಂದ್ರಿ. ಶುಕ್ರವಾರ ಶುಕ್ರವಾರ ಮದುವೆಮನೆ ಅಡುಗೆ ಮಾಡ್ದೆ. ಈಗ ಮೈಸೂರಲ್ಲೇ ಇದೀವಿ. ಈಗ ಮಸ್ಕತ್ ಮಾಡು ಅಂತೀರ. ನಾನು ಇರೋ ಊರಿನ ಅಡುಗೆ ಯಾವತ್ತು ಮಾಡ್ಲಿ?"

"ಅತ್ತಿಗೆ ಹೇಳಿದ್ದು ಸರಿ," ಎಂದಳು ಸರ್ವಮಂಗಳಾ.

"ನೀನು ಮಧ್ಯೆ ಬರ್ಬೇಡ."

"ಮಧ್ಯೆ ಎಲ್ಲಿ ಬಂದೆ? ನಾನು ಇಲ್ಲೇ ಇದ್ದೆ. ಬಂದೋನು ನೀನು."

ಅದಾದ ಮೇಲೆ ಆ ಮನೆಯಲ್ಲಿ ಒಂದು ವಾರ ಉಪ್ಪಿಟ್ಟು. ಉಪ್ಪು ಇಟ್ಟಿದ್ದರು, ಮಾತು ಇಟ್ಟಿರಲಿಲ್ಲ.

ಫೆಬ್ರವರಿ ಮುಗಿಯುವ ಹೊತ್ತಿಗೆ ಫೋನು ಬಂತು. ಕಂಪನಿಯ ಹಳೆಯ ಯಜಮಾನ, ಅಲ್ಲಿಯವರ ಬಾಯಲ್ಲಿ ಅರ್ಬಾಬ್, ಖುದ್ದಾಗಿ ಮಾತಾಡಿದ್ದ. ಗೋಡೌನನ್ನು ಬೇರೆ ಕಡೆಗೆ ಸಾಗಿಸಬೇಕು. ಯಾವ ಸಾಮಾನು ಎಲ್ಲಿದೆ ಅಂತ ಹೊಸ ಹುಡುಗರಿಗೆ ಗೊತ್ತಿಲ್ಲ. ಎರಡು ವರ್ಷಕ್ಕೆ ಬಾ. ನಿನ್ನ ಹಳೆಯ ಫ್ಲ್ಯಾಟನ್ನೇ ಕೊಡುತ್ತೇನೆ.

ನರಸಿಂಹ ಊಟದ ನಡುವೆ ಎದ್ದು ನಿಂತು ಇದನ್ನು ಪ್ರಕಟಿಸಿದ. "ನೀನಿಲ್ದೆ ಆಫೀಸ್ ನಡೀತಿಲ್ಲ ಮಿಸ್ಟರ್ ನರಸಿಂ ಅಂದ ಕಣಮ್ಮ!"

"ಇಲ್ಲಿ ನೀನಿದ್ರೂ ಮನೆ ನಡೀತಿದೆ," ಎಂದಳು ಸರ್ವಮಂಗಳಾ. ಆದರೆ ಅವಳ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

ಗಿರಿಜಾಂಬಾ ಮಜ್ಜಿಗೆ ಬಡಿಸಿಕೊಂಡರು. "ಹೋಗಿ ಬಾಪ್ಪ. ಅನ್ನ ಇರೋ ಕಡೆ ಹೋಗ್ಬೇಕು." ಮಜ್ಜಿಗೆ ಅನ್ನದ ಪಕ್ಕಕ್ಕೆ ಹರಿದು ಪಲ್ಯಕ್ಕೆ ಸೇರಿದ್ದನ್ನು ಅವರು ಗಮನಿಸಲಿಲ್ಲ.

"ಅನನ್ಯ ಡಿಗ್ರಿ ಮುಗಿಸೋವರ್ಗೂ ಇಲ್ಲೇ ಇರ್ತಾಳೆ. ನಾನೂ ಚಂದ್ರಾನೂ ಮುಂದಿನ ತಿಂಗಳು..."

"ನಾನು ಬರಲ್ಲ," ಎಂದಳು ಚಂದ್ರಮತಿ.

ಕಾರಣವಿತ್ತು. ಮಸ್ಕತ್ತಿನಲ್ಲಿ ಅವಳದು ಗಂಡನ ಬಾಲಕ್ಕೆ ಕಟ್ಟಿದ ವೀಸಾ. ಅದರ ಮೇಲೆ ಕೆಲಸ ಮಾಡುವ ಹಾಗಿರಲಿಲ್ಲ. ಆದರೆ ತರಕಾರಿಯವನ ಹತ್ತಿರ ಚೌಕಾಸಿ ಮಾಡುತ್ತಾ, ಮೇಲ್ಮನೆಯ ಉಮ್ಮ್ ಸಾಲಿಮಳ ಜೊತೆ ಸಂಜೆ ಹರಟುತ್ತಾ, ಅವಳು ನೀರು ಕುಡಿದ ಹಾಗೆ ಅರಬ್ಬಿ ಕಲಿತಿದ್ದಳು. ಅಷ್ಟು ವರ್ಷ ಅಲ್ಲೇ ದುಡಿದ ನರಸಿಂಹನಿಗೆ ಬರುತ್ತಿದ್ದದ್ದು "ಖಲಾಸ್" ಒಂದೇ. ಜನವರಿಯಿಂದ ಅವಳು ರಾಮಕೃಷ್ಣನಗರದ ತರಬೇತಿ ಕೇಂದ್ರವೊಂದಕ್ಕೆ ಸ್ಕೂಟರಿನಲ್ಲಿ ಹೋಗಿ, ಗಲ್ಫ್‌ಗೆ ಹೊರಟ ನರ್ಸ್ ಹುಡುಗಿಯರಿಗೆ ಅರಬ್ಬಿ ಮಾತು ಕಲಿಸುತ್ತಿದ್ದಳು. ಅತ್ತೆಗೆ ಅದು "ಟ್ಯೂಷನ್" ಅಂತಷ್ಟೇ ಗೊತ್ತು. ಯಾವುದರ ಟ್ಯೂಷನ್ ಅಂತ ಅವರು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ.

"ಅಲ್ಲಿಗೆ ಹೋಗೋರಿಗೆಲ್ಲ ನೀನು ಕಲಿಸ್ತೀಯ. ಅಲ್ಲಿಗೆ ನೀನೇ ಬರಲ್ವಾ?" ಎಂದು ನರಸಿಂಹ ಕೋಣೆಗೆ ಬಂದ ಮೇಲೆ ಕೇಳಿದ.

"ಅಲ್ಲಿ ಕಲಿಸೋಕೆ ಬಿಡಲ್ವಲ್ಲ."

"ಹಂಗಾದ್ರೆ ನಾನೊಬ್ನೇ ಹೋಗ್ಲಾ?"

"ಹೋಗಿ."

ನರಸಿಂಹನ ಲೆಕ್ಕದಲ್ಲಿ ಈ ಉತ್ತರ ಇರಲಿಲ್ಲ. ಬಾಯಿಂದ ಬಿದ್ದ ಪ್ರಶ್ನೆಯನ್ನು ಎತ್ತಿಕೊಳ್ಳಲು ನಾಚಿಕೆಯಾಗಿ, ಆ ಮಧ್ಯಾಹ್ನವೇ ಅರ್ಬಾಬ್‌ಗೆ ಬರುತ್ತೇನೆಂದು ಹೇಳಿಬಿಟ್ಟ.

ಅಲ್ಲಿಂದ ಮನೆಗೆ ಮನೆಯೇ ಪ್ಯಾಕಿಂಗ್ ಇಲಾಖೆಯಾಯಿತು. ಗಿರಿಜಾಂಬಾ ಕುರ್ಚಿಯನ್ನು ಅಡುಗೆಮನೆ ಬಾಗಿಲಿಗೆ ಹಾಕಿಸಿಕೊಂಡು ದಂಡನಾಯಕಿಯಾದರು. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು. ಲಕ್ಷ್ಮಮ್ಮ ಮೆಣಸಿನಕಾಯಿ ಹುರಿದು ಸೀನಿದಳು, ಸರ್ವಮಂಗಳಾ ಸ್ಕೂಲಿಂದ ಬಂದವಳೇ ಜರಡಿ ಹಿಡಿದಳು.

"ಒಬ್ಬನಿಗೆ ಇಷ್ಟೊಂದಾ ಅಮ್ಮ?"

"ಅಲ್ಲಿ ಯಾರಾದ್ರೂ ಊಟಕ್ಕೆ ಬರ್ತಾರೆ ಕಣೇ. ಇವನು ಕರೀದೆ ಇರ್ತಾನಾ?"

ಇನ್ನು ಅಡುಗೆ. ಹೆಂಡತಿ ಬರುವುದಿಲ್ಲವಾದ್ದರಿಂದ ನರಸಿಂಹನಿಗೆ ಅಡುಗೆ ಕಲಿಸುವ ಹೊಣೆ ಅನನ್ಯಳದಾಯಿತು. ಮೊದಲ ದಿನದ ಬೇಳೆ ಸಾರನ್ನು ಅವಳು ಸೌಟಲ್ಲಿ ಎತ್ತಿ ಸುರಿದು ನೋಡಿದಳು.

"ಇದು ಸಾರಾ ಅಪ್ಪ, ಸಾರಾಂಶಾನಾ?"

"ಬೇಳೆ ಹಾಕೋದು ಮರ್ತೆ."

"ಬೇಳೆ ಸಾರಿಗೆ ಬೇಳೇನೇ ಮರ್ತ್ರಾ?"

ಎರಡನೇ ವಾರಕ್ಕೆ ಸಾರು ಸಾರಾಯಿತು, ಮೂರನೇ ವಾರಕ್ಕೆ ಹುಳಿಯೂ ಕುದಿಯಿತು. ಅಮ್ಮ ಎರಡನೇ ಸಲ ಬಡಿಸಿಕೊಂಡ ದಿನ ನರಸಿಂಹ ಹಾಲ್‌ನಲ್ಲಿ ಎದೆ ಮುಂದೆ ಮಾಡಿ ಓಡಾಡಿದ.

ವಿಚಿತ್ರವೆಂದರೆ, ಟಿಕೆಟ್ಟಿನ ಮಾತು ಬಂದದ್ದೇ ತಡ ಅವನಿಗೆ ಮೈಸೂರು ನೆನಪಾಗತೊಡಗಿತು. ಮೈಸೂರಿನಲ್ಲೇ ಇದ್ದುಕೊಂಡು. ಬೆಳಿಗ್ಗೆ ಎದ್ದು ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು, "ಎಂಥಾ ಗಾಳಿ ಕಣೇ! ಮಸ್ಕತ್ತಲ್ಲಿ ಈ ಗಾಳಿ ಎಲ್ಲಿ ಬರ್ಬೇಕು?" ಎನ್ನುವನು. ದೇವರಾಜ ಮಾರುಕಟ್ಟೆಗೆ ತಾನೇ ಹೋಗಿ ಮಲ್ಲಿಗೆ, ವೀಳ್ಯದೆಲೆ, ಯಾರೂ ಹೇಳದ ಬದನೆಕಾಯಿ ತರುವನು. ಹಾರನ್ ಹೊಡೆದ ಆಟೋದವನಿಗೂ ನಕ್ಕು ದಾರಿ ಬಿಡುವನು. ಹಾಗೆ ಮನೆಯವರಿಗೆಲ್ಲ ಅವನು ಬಲು ಇಷ್ಟವಾಗುವ ಕಾಲಕ್ಕೆ ಅವನು ಹೊರಡುವ ಕಾಲವೂ ಬಂತು.

"ಟಿಕೆಟ್ ಕೈಲಿದ್ರೆ ಮಾತ್ರ ನಿಮಗೆ ಊರು ಚೆನ್ನಾಗಿ ಕಾಣುತ್ತೆ," ಎಂದಳು ಚಂದ್ರಮತಿ. ತಾರಸಿಯ ಮೇಲೆ ಇಬ್ಬರೂ ಅರಳು ಸಂಡಿಗೆ ಇಡುತ್ತಿದ್ದರು.

"ನಿನಗೆ ಆ ಊರು ಒಂಚೂರೂ ನೆನಪಾಗಲ್ವಾ?"

"ಯಾಕಾಗಲ್ಲ? ಸಂಜೆ ಕಾರು ತಗೊಂಡು ಮತ್ರಾ ಕಡೆ ಹೋಗ್ತಿದ್ದೆ, ಸಮುದ್ರದ ಪಕ್ಕದಲ್ಲೇ. ಕಿಟಕಿ ಇಳಿಸಿ. ಈಗ ಸ್ಕೂಟರಲ್ಲಿ ರಾಮಕೃಷ್ಣನಗರಕ್ಕೆ ಹೋಗ್ತಾ ಒಂದೊಂದ್ಸಲ ಉಪ್ಪುಗಾಳಿ ಬಂದ ಹಾಗೆ ಆಗುತ್ತೆ ಕಣ್ರೀ. ನೋಡಿದ್ರೆ ಮುಂದೆ ಕಸದ ಗಾಡಿ."

ಇಬ್ಬರೂ ನಕ್ಕರು.

"ಬಾ ಮತ್ತೆ."

"ಅಲ್ಲಿ ನಾನು ಮಿಸೆಸ್ ನರಸಿಂ. ಇಲ್ಲಿ ಆ ಹುಡುಗೀರು ಉಸ್ತಾದಾ ಅಂತಾರೆ. ಟೀಚರ್ ಅಂತ. ಮೊದಲನೇ ದಿನ ಹಿಂದೆ ತಿರುಗಿ ನೋಡ್ದೆ, ಯಾರನ್ನ ಕರೀತಿದಾರೆ ಅಂತ."

ನರಸಿಂಹ ಒಂದು ಸಂಡಿಗೆ ಇಟ್ಟ. ಅದು ಓಮಾನಿನ ನಕಾಶೆಯ ಹಾಗೆ ಬಂತು. "ಇಲ್ಲಿ ನಾನು ಏನು ಹೇಳು?"

ಚಂದ್ರಮತಿ ಯೋಚಿಸಿದಳು. "ಸದ್ಯಕ್ಕೆ ಕಾಗೆ ಓಡ್ಸೋರು."

ಅವನು ಎದ್ದು ಕೊಡೆ ಬಿಚ್ಚಿಕೊಂಡು, ಬಿಸಿಲು ಇಳಿಯುವವರೆಗೂ ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದ. ಅವನು ಕೆಳಗೆ ಇಳಿಯುವ ಮೊದಲೇ ಇಳಿದಿದ್ದ ಚಂದ್ರಮತಿ, ಅವನ ಪೆಟ್ಟಿಗೆಯಲ್ಲಿ ಕಾಫಿ ಫಿಲ್ಟರಿನ ಪಕ್ಕ ಲೋಟ ಎರಡು ಇರುವುದನ್ನು ಕಂಡಳು. ಒಂದನ್ನು ಹೊರಗೆ ತೆಗೆದಳು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಮತ್ತೆ ಒಳಗೇ ಇಟ್ಟಳು.

ಬೀಳ್ಕೊಡುಗೆ ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲೇ ನಡೆಯಿತು. ಬೀದಿಯ ಹಿರಿಯರೆಲ್ಲ ಬಂದಿದ್ದರು. ಎದುರುಮನೆಯ ಮಂಜುಳಮ್ಮ ಸುಗಂಧರಾಜದ ಹಾರ ತಂದಿದ್ದರು. ಮೆಡಿಕಲ್ ಆಗಿತ್ತು, ವೀಸಾ ಒಂದೆರಡು ದಿನದಲ್ಲಿ ಬರಲಿತ್ತು, ಡಬ್ಬಗಳಿಗೆ ಟೇಪು ಸುತ್ತಿಯಾಗಿತ್ತು. ನರಸಿಂಹ ಹಾರ ಹಾಕಿಸಿಕೊಂಡು ಎದ್ದು ನಿಂತ.

"ನಮ್ಮ ಮೈಸೂರಲ್ಲಿ ಆದ್ರೆ..." ಎಂದು ಶುರುಮಾಡಿ, ಹಾರ ಸರಿಮಾಡಿಕೊಂಡ.

ಆಗಲೇ ಜೇಬಿನ ಫೋನು ಕಿಣಿಯೆಂದಿತು. ಮಸ್ಕತ್ತಿನ ಆಫೀಸಿಂದ ಸಂದೇಶ. ಕಂಪನಿಯ ಆರೋಗ್ಯ ವಿಮೆಗೆ ಹೊಸದಾಗಿ ಸೇರುವವರಿಗೆ ಐವತ್ತೆಂಟು ತುಂಬಿರಬಾರದು. ನಿಮ್ಮ ಪಾಸ್‌ಪೋರ್ಟಿನ ಪ್ರಕಾರ ಕಳೆದ ಜೂನ್ ಒಂದಕ್ಕೆ ತುಂಬಿದೆ. ವಿಮೆ ಇಲ್ಲದೆ ನೇಮಕ ಇಲ್ಲ. ಕ್ಷಮಿಸಿ.

"ಅನ್ಯಾಯ!" ಎಂದು ನರಸಿಂಹ ಕೂಗಿದ. "ನನಗೆ ಇನ್ನೂ ಐವತ್ತೇಳು! ಶ್ರಾವಣದಲ್ಲಿ ಐವತ್ತೆಂಟು! ಅಮ್ಮ, ಹೇಳು!"

"ಹೌದು," ಎಂದರು ಗಿರಿಜಾಂಬಾ. "ಶ್ರಾವಣ ಬಹುಳ ಪಂಚಮಿ."

ಸರ್ವಮಂಗಳಾ ಓಡಿಹೋಗಿ ದೇವರಮನೆಯಿಂದ ಜಾತಕ ತಂದಳು. ನರಸಿಂಹ ಅದರ ಫೋಟೋ ಹೊಡೆದು, ಅರಿಶಿನದ ಕಲೆ ಸಮೇತ, ಮಸ್ಕತ್ತಿಗೆ ಕಳಿಸಿದ. ಎರಡೇ ನಿಮಿಷಕ್ಕೆ ಉತ್ತರ ಬಂತು. ಅನನ್ಯ ಓದಿದಳು.

"ಈ ಚೌಕ ಯಾವ ಗೋಡೌನಿನ ಪ್ಲಾನು ಅಂತ ಕೇಳ್ತಿದಾರೆ ಅಪ್ಪ."

ಯಾರೂ ನಗಲಿಲ್ಲ. ನರಸಿಂಹನ ಮುಖ ಹಾಗಿತ್ತು. ಚಂದ್ರಮತಿ ಸೆರಗಿಗೆ ಒಂದು ಕೈ ಒರೆಸಿಕೊಂಡು ಬಂದಳು. ಗಂಡನ ಕೈಯಿಂದ ಫೋನು ತೆಗೆದುಕೊಂಡು ನೇರವಾಗಿ ಅರ್ಬಾಬ್‌ಗೇ ಹಚ್ಚಿದಳು. ಆಮೇಲೆ ಹಾಲ್‌ನಲ್ಲಿ ನಡೆದದ್ದನ್ನು ಬೀದಿಯವರು ಈಗಲೂ ಹೇಳಿಕೊಳ್ಳುತ್ತಾರೆ. ಮಡಿಸೀರೆಯ ಗಿರಿಜಾಂಬಾ ಅವರ ಸೊಸೆ, ಕೈಯಲ್ಲಿ ಪಾಯಸದ ಸೌಟು ಹಿಡಿದು, ನೀಟಾದ ಅರಬ್ಬಿಯಲ್ಲಿ, ಮೊದಲು ಕ್ಷೇಮಸಮಾಚಾರ ವಿಚಾರಿಸಿ, ಆಮೇಲೆ ಬೇಡಿ, ಆಮೇಲೆ ಗದರಿ, ಮಧ್ಯೆ ಒಮ್ಮೆ ಜಾತಕವನ್ನೇ ಎತ್ತಿ ಗಾಳಿಯಲ್ಲಿ ಆಡಿಸಿ, ಗಂಡನಿಗೋಸ್ಕರ ವಾದ ಮಾಡಿದಳು.

"ಏನೇ ಅನನ್ಯ, ಇವಳು ಮಾಡ್ತಿದ್ದದ್ದು ಈ ಟ್ಯೂಷನ್ನಾ?" ಎಂದು ಗಿರಿಜಾಂಬಾ ಪಿಸುಗುಟ್ಟಿದರು.

"ಹೂಂ ಅಜ್ಜಿ."

"ಚೆನ್ನಾಗಿ ಬೈತಾಳೆ ಕಣೇ."

ಚಂದ್ರಮತಿ ಫೋನು ಇಟ್ಟಳು. "ಆಗಲ್ವಂತೆ ಕಣ್ರೀ. ಅವರು ಒಪ್ಪಿದ್ರೂ ವಿಮೆಯೋರು ಒಪ್ಪಲ್ವಂತೆ. ಪಾಸ್‌ಪೋರ್ಟಲ್ಲಿ ಏನಿದ್ಯೋ ಅದೇ ವಯಸ್ಸು." ಫೋನನ್ನು ಅವನ ಕೈಗಿಡುತ್ತಾ, "ನಾನು ತುಂಬ ಕೇಳ್ದೆ," ಎಂದಳು.

"ನೀನು ಕೇಳ್ದೆ. ನೋಡ್ದೆ ನಾನು," ಎಂದ ನರಸಿಂಹ.

ಮಂಜುಳಮ್ಮನಿಗೆ ಕುತೂಹಲ ತಡೆಯಲಿಲ್ಲ. "ಅದ್ಹೆಂಗ್ರೀ ಗಿರಿಜಾಂಬಾ, ಒಬ್ಬ ಮನುಷ್ಯನಿಗೆ ಎರಡು ವಯಸ್ಸು?"

"ನಮ್ಮ ಕಾಲದಲ್ಲಿ ಎಲ್ಲಾ ಮಕ್ಕಳಿಗೂ ಎರಡೇ ಕಣ್ರೀ. ಒಂದು ಮನೇಲಿ ಹುಟ್ಟಿದ್ದು, ಒಂದು ಸ್ಕೂಲಲ್ಲಿ ಹುಟ್ಟಿದ್ದು. ಇವನು ಮನೇಲಿ ನಿಲ್ತಿದ್ನಾ? ನೀರೊಲೆಗೆ ಅವರಪ್ಪನ ಚಪ್ಪಲಿ ಹಾಕಿದ್ದ. ಮಂಗಳನ ತೊಟ್ಟಿಲಿಗೆ ಇರುವೆ ಬಿಟ್ಟಿದ್ದ. ರಟ್ಟೆ ಹಿಡ್ಕೊಂಡು ಸ್ಕೂಲಿಗೆ ಎಳ್ಕೊಂಡ್ಹೋದೆ. ಮೇಷ್ಟ್ರು, ಇನ್ನೂ ವಯಸ್ಸು ಸಾಲ್ದು, ಮುಂದಿನ ವರ್ಷ ಬನ್ನಿ ಅಂದ್ರು. ಜೂನ್ ಒಂದು ಅಂತ ಹಾಕ್ಕೊಂಡು ಸೇರಿಸ್ಕೊಳಿ, ಇವನನ್ನ ವಾಪಸ್ ಕರ್ಕೊಂಡು ಹೋಗಲ್ಲ ಅಂದೆ. ಹಾಕ್ಕೊಂಡ್ರು."

ನರಸಿಂಹ ಕೊರಳಿನ ಹಾರದ ಸಮೇತ ಕುರ್ಚಿಯಲ್ಲಿ ಕುಸಿದ. ಟೇಪು ಸುತ್ತಿದ ಡಬ್ಬಗಳನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದ.

"ಒಂದೇ ಒಂದು ವರ್ಷ ತಡ್ಕೊಳ್ಳೋಕೆ ಆಗ್ಲಿಲ್ವೇನಮ್ಮ ನಿನಗೆ?"

"ಆಗ ಆಗ್ಲಿಲ್ಲ ಕಣೋ," ಎಂದರು ಗಿರಿಜಾಂಬಾ, ಅವನ ಎದುರಿಗೆ ಎಲೆ ಹಾಕುತ್ತಾ. "ಈಗ ತಡ್ಕೋತೀನಿ. ಹಾರ ತೆಗೆದಿಟ್ಟು ಊಟಕ್ಕೆ ಕೂತ್ಕೋ."